ಗಾಜು ತಿಕ್ಕುವ ಸುಖ

ಕಾರಿನಲ್ಲಿ ನನಗೆ ತುಂಬ ಇಷ್ಟವಾದದ್ದು ಅದರ ಮುಂದಿನ ಗಾಜು. ಅದು ಚೊಕ್ಕವಾಗಿದ್ದರೆ ಕೋಲಾರದ ಅಂತರಗಂಗೆ ಬೆಟ್ಟದ ಬಂಡೆಗಳು ಬಿಡಿಬಿಡಿಯಾಗಿ ಕಾಣುತ್ತವೆ, ದಾರಿ ಹಗುರಾಗುತ್ತದೆ. ಬಿಸಿಲೇರುವ ಮೊದಲು ನೆರಳಲ್ಲಿ ಕಾರು ನಿಲ್ಲಿಸಿಕೊಂಡು, ಬಕೆಟ್ಟು, ಮೆತ್ತನೆ ಬಟ್ಟೆ ಹಿಡಿದು ನಿಂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ನಮ್ಮ ಕಡೆ ನಾಲ್ಕು ತಾಲ್ಲೂಕಿಗೆ ನಾಲ್ಕು ಬಗೆಯ ಕೊಳೆ. ಮಾಲೂರಿನದು ಇಟ್ಟಿಗೆ, ಹೆಂಚಿನ ಕೆಂಧೂಳು. ಟೇಕಲ್ ಕಡೆ ಹೋದರೆ ಅದರ ಮೇಲೆ ಕಲ್ಲುಪುಡಿ. ಶ್ರೀನಿವಾಸಪುರದಲ್ಲಿ ಮಾವು ಹೂಬಿಟ್ಟ ಕಾಲಕ್ಕೆ ಮರದಡಿ ಕಾರು ನಿಲ್ಲಿಸಿದರೆ, ಜಿಗಿಹುಳು ಸುರಿಸುವ ಸಿಹಿ ಅಂಟು ಗಾಜಿನ ತುಂಬ ಚುಕ್ಕೆ ಚುಕ್ಕೆ. ಮುಳಬಾಗಿಲು ದಾಟಿ ನಂಗಲಿ ಕಡೆಗೆ ರಾತ್ರಿ ಹೊರಟರೆ ಲಾರಿ ಹೊಗೆಯ ಎಣ್ಣೆಪಸೆ. ಕೋಲಾರದ ಸುತ್ತ, 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೆ.ಸಿ. ವ್ಯಾಲಿ ನೀರು ಕಂಡ ಕೆರೆಗಳ ಏರಿಯ ಮೇಲೆ ಮುಸ್ಸಂಜೆ ಹೊತ್ತು ಬಂದರೆ ಗಾಜಿಗೆ ಹುಳುಗಳ ಅಭಿಷೇಕ. ಒಂದೊಂದು ಕೊಳೆಗೂ ಒಂದೊಂದು ಮದ್ದು ಹುಡುಕುವುದೇ ಈ ಹವ್ಯಾಸದ ರುಚಿ.

ಇವುಗಳಲ್ಲಿ ಕಲ್ಲುಪುಡಿಗೆ ನಾನು ಹೆಚ್ಚು ಹೆದರುತ್ತೇನೆ. ಗ್ರಾನೈಟಿನಲ್ಲಿರುವ ಬೆಣಚುಕಲ್ಲಿನ ಕಣದ ಗಡಸುತನ ಮೋಹ್ಸ್ ಅಳತೆಯಲ್ಲಿ 7. ಗಾಜಿನದು ಸುಮಾರು 5.5. ಒಣ ಧೂಳಿನ ಮೇಲೆ ವೈಪರ್ ಆಡಿಸಿದರೆ ಗಾಜಿಗೆ ಗೀರು ಬೀಳುವುದು ಖಂಡಿತ. ಬಿದ್ದ ಗೀರನ್ನು ಯಾವ ದ್ರವವೂ ಮುಚ್ಚುವುದಿಲ್ಲ. ರಾತ್ರಿ ಎದುರಿನ ಲೈಟು ಬಿದ್ದಾಗ ಅದು ಮಿಂಚುತ್ತಲೇ ಇರುತ್ತದೆ. ಮೊದಲು ಧಾರಾಳ ನೀರು, ಆಮೇಲೆ ಬ್ಲೇಡು: ಇದು ನನ್ನ ಮೊದಲ ನಿಯಮ.

ನೀರೆಂದರೆ ಯಾವ ನೀರು? ಸಾವಿರ ಅಡಿಯನ್ನೂ ಮೀರಿ ಇಳಿದ ನಮ್ಮ ಬೋರ್‌ವೆಲ್‌ಗಳದ್ದು ಗಡಸು ನೀರು. ಅದನ್ನು ವಾಷರ್ ಡಬ್ಬಿಗೆ ತುಂಬಿದರೆ ಸುಣ್ಣದಂಥ ಲವಣ ಕಟ್ಟಿ ನೀರು ಚಿಮ್ಮುವ ತೂತು ಮುಚ್ಚಿಹೋಗುತ್ತದೆ. ಬಿಸಿಲಿಗೆ ಆರಿದಲ್ಲೆಲ್ಲ ಬಿಳಿ ಕಲೆ ಉಳಿಯುತ್ತದೆ. ಡಿಸ್ಟಿಲ್ಡ್ ನೀರೋ ಶುದ್ಧ ಮಳೆನೀರೋ ಆದರೆ ಈ ತೊಂದರೆಯಿಲ್ಲ. ಬಿಳಿ ಕಲೆ ಆಗಲೇ ಕೂತಿದ್ದರೆ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಬೇಕು.

ಅಂಗಡಿಯ ವಾಷರ್ ದ್ರವದಲ್ಲಿ ಸಾಮಾನ್ಯವಾಗಿ ನೀರು, ಕೊಳೆ ಬಿಡಿಸುವ ಸೋಪಿನಂಶ, ಒಂದಿಷ್ಟು ಆಲ್ಕೊಹಾಲ್ ಇರುತ್ತವೆ. ಹುಳು, ಮಾವಿನ ಅಂಟು ಬಿಡಿಸಲು ಅದು ಬಲು ಚೆನ್ನ. ಹಿಮದ ನಾಡುಗಳಲ್ಲಿ ದ್ರವ ಹೆಪ್ಪುಗಟ್ಟದಿರಲೆಂದು ಬೆರೆಸುವ ಮೆಥನಾಲ್ ನಮಗೆ ಬೇಕಿಲ್ಲ. ಅದು ವಿಷವೂ ಹೌದು. ಪಾತ್ರೆ ತೊಳೆಯುವ ಸೋಪು ಮಾತ್ರ ಬೇಡ. ನೊರೆ ಹೆಚ್ಚು, ಆರಿದ ಮೇಲೆ ಗಾಜು ಮಂಕು.

ಇನ್ನು ನನ್ನ ಅಚ್ಚುಮೆಚ್ಚಿನ ಕೆಲಸ, ಮಳೆನೀರು ನಿಲ್ಲದಂತೆ ಗಾಜಿಗೆ ಲೇಪ ಹಚ್ಚುವುದು. ಬರಿಯ ಗಾಜಿಗೆ ನೀರೆಂದರೆ ಪ್ರೀತಿ, ಬಿದ್ದ ಹನಿ ಹರಡಿಕೊಳ್ಳುತ್ತದೆ. ಲೇಪದಲ್ಲಿರುವ ಸಿಲಿಕೋನ್ ಜಾತಿಯ ಅಣುಗಳು ಒಂದು ತುದಿಯಿಂದ ಗಾಜನ್ನು ಹಿಡಿದು, ನೀರಿಗೆ ಒಗ್ಗದ ಇನ್ನೊಂದು ತುದಿಯನ್ನು ಹೊರಗೆ ಚಾಚುತ್ತವೆ. ಆಗ ಹನಿ ತಾವರೆ ಎಲೆಯ ಮೇಲಿನಂತೆ ಗುಂಡಗೆ ನಿಲ್ಲುತ್ತದೆ. ಗಾಜನ್ನು ತೊಳೆದು, ಅಂಟಿದ ಕೊಳೆ ಎತ್ತುವ ಕ್ಲೇ ಮುದ್ದೆ ಉಜ್ಜಿ, ಪೂರ್ತಿ ಒಣಗಿಸಿ, ದ್ರವವನ್ನು ಸುತ್ತು ಸುತ್ತಾಗಿ ಹಚ್ಚಬೇಕು. ಮಂಜು ಕವಿದಂತಾದಾಗ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಬೇಕು. ಬೆರಳಡಿ ಗಾಜು ಜಾರತೊಡಗುವ ಆ ಗಳಿಗೆಯ ಖುಷಿಯೇ ಬೇರೆ!

ಅದರ ಫಲ ತಿಳಿಯುವುದು ಹೆದ್ದಾರಿಯಲ್ಲಿ. ಅಕ್ಟೋಬರ್, ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ನಮಗೆ ಮಳೆ ತಂದಾಗ, ಮುಳಬಾಗಿಲಿನ ದಾರಿಯಲ್ಲಿ ವೇಗ ಅರುವತ್ತು, ಎಪ್ಪತ್ತು ಕಿಲೋಮೀಟರ್ ಮುಟ್ಟಿದರೆ ಸಾಕು, ಹನಿಗಳು ಗಾಳಿಗೆ ತಾವೇ ಮೇಲಕ್ಕೆ ಓಡುತ್ತವೆ. ಮುಂದಿನ ಲಾರಿ ಎರಚಿದ ಕೆಸರುನೀರೂ ಬೇಗ ಜಾರುತ್ತದೆ, ಹುಳುಗಳೂ ಸುಲಭವಾಗಿ ಬಿಡುತ್ತವೆ.

ಊರೊಳಗಿನ ಕತೆ ಬೇರೆ. ನಿಧಾನಕ್ಕೆ ಹೋಗುವಾಗ ಹನಿಗಳು ಅಲ್ಲೇ ಕೂತುಬಿಡುತ್ತವೆ. ರಾತ್ರಿ ತುಂತುರಿನಲ್ಲಿ ಎದುರಿನ ಬೆಳಕು ಒಂದೊಂದು ಹನಿಯಲ್ಲೂ ಒಡೆದು ಕಣ್ಣು ಕುಕ್ಕುತ್ತದೆ. ಲೇಪ ಅಲ್ಲಲ್ಲಿ ಸವೆದರೆ ಬ್ಲೇಡು ಕಿರ್ ಕಿರ್ ಎಂದು ಹಾರಿ ಹಾರಿ ಒರೆಸುತ್ತದೆ. ನಮ್ಮ ಧೂಳು, ಬಿಸಿಲಿಗೆ ಕೈಯಲ್ಲಿ ಹಚ್ಚಿದ ಲೇಪ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ಬಾಳುತ್ತದೆ. ಸಿಲಿಕೋನ್ ಬೆರೆತ ವಾಷರ್ ದ್ರವಗಳೂ ಇವೆ. ಅವುಗಳ ಪದರ ತೆಳು, ಲೇಪಕ್ಕೆ ಸಮನಲ್ಲ.

ಹಳೆಯ ಲಾರಿ ಚಾಲಕರು ಮಳೆ ಬಂದಾಗ ಬೀಡಿ ತಂಬಾಕನ್ನೋ ಕೊಯ್ದ ಆಲೂಗಡ್ಡೆಯನ್ನೋ ಗಾಜಿಗೆ ಉಜ್ಜುತ್ತಿದ್ದರು. ಅದು ಲೇಪಕ್ಕೆ ತದ್ವಿರುದ್ಧವಾದ ಉಪಾಯ: ಅಲ್ಲಿ ನೀರು ಹನಿಗಟ್ಟದೆ ತೆಳುವಾಗಿ ಹರಡಿ ಇಳಿಯುತ್ತದೆ, ನಿಧಾನದ ಗಾಡಿಗೂ ನೋಟ ತಿಳಿಯಾಗುತ್ತದೆ. ಆ ಅನುಭವದ ಜಾಣ್ಮೆಗೆ ನನ್ನ ಗೌರವವಿದೆ.

ಹೆದ್ದಾರಿಯಲ್ಲಿ ದಿನವೂ ಓಡಾಡುವವರು ಮಳೆಗಾಲಕ್ಕೆ ಮುಂಚೆ ಲೇಪ ಹಚ್ಚಿ, ಹಣಕ್ಕೆ ಮೋಸವಿಲ್ಲ. ಪೇಟೆಯಲ್ಲೇ ಸುತ್ತುವವರಿಗೆ ಶುದ್ಧ ಗಾಜು, ಗಡಸಲ್ಲದ ನೀರು, ವರ್ಷಕ್ಕೊಮ್ಮೆಯಾದರೂ ಹೊಸ ಬ್ಲೇಡು ಸಾಕು. ಯಾರೇ ಆಗಲಿ, ಒಣ ಗಾಜಿನ ಮೇಲೆ ಮಾತ್ರ ವೈಪರ್ ಆಡಿಸಬೇಡಿ.