ಆಟದ ಕಂಪ್ಯೂಟರಿಗೆ ಬಿಡಿಭಾಗಗಳ ಲೆಕ್ಕ



ಈಚೆಗೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು, ಪರಸ್ಪರ ಪರಿಚಯವೇ ಇಲ್ಲದವರು, ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ. ಮಗನೋ ಮಗಳೋ ‘ಗೇಮಿಂಗ್ ಕಂಪ್ಯೂಟರ್’ ಬೇಕೆಂದು ಹಟ ಹಿಡಿದಿದ್ದಾರೆ. ಕೈಯಲ್ಲಿರುವ ಹಣ ಮಿತವಾದದ್ದು. ಏನನ್ನು ಕೊಳ್ಳುವುದು, ಏನನ್ನು ಬಿಡುವುದು? 36 ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಮತ್ತು ಗಣಿತ ಹೇಳಿಕೊಟ್ಟ ಮುದುಕನನ್ನು ಇದನ್ನು ಕೇಳುವುದಕ್ಕೆ ಕಾರಣವಿಷ್ಟೆ: 2024ರ ಬೇಸಿಗೆಯಲ್ಲಿ ಮೊಮ್ಮಗಳಿಗಾಗಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಇಂಥದೊಂದು ಯಂತ್ರವನ್ನು ಕಟ್ಟಿದ ಸುದ್ದಿ ಬಂಧುಗಳ ಮೂಲಕ ಊರೆಲ್ಲ ಹರಡಿದೆ. ಮೂವರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು ಇಲ್ಲಿಯೇ ಬರೆದುಬಿಡುತ್ತೇನೆ.

ಮೊದಲು ಹಣದ ವಿಷಯ. ನನ್ನ ಪತ್ನಿ 2019ರ ಏಪ್ರಿಲ್‌ನಲ್ಲಿ ಮೊಮ್ಮಗಳ ಹೆಸರಿನಲ್ಲಿ ಅಂಚೆ ಕಚೇರಿಯ ಆವರ್ತ ಠೇವಣಿಯೊಂದನ್ನು ತೆರೆದಿದ್ದಳು. ತಿಂಗಳಿಗೆ 900 ರೂಪಾಯಿ, ಐದು ವರ್ಷ. 2022ರಲ್ಲಿ ಅವಳು ತೀರಿಕೊಂಡ ಮೇಲೆ ಉಳಿದ ಕಂತುಗಳನ್ನು ನಾನು ಕಟ್ಟಿಕೊಂಡು ಬಂದೆ. ಅವಧಿ ಮುಗಿದಾಗ ಕೈಗೆ ಬಂದದ್ದು ಸುಮಾರು 65,000 ರೂಪಾಯಿ. ಅದು ಯಾವುದಕ್ಕೆಂದು ಅವಳು ಯಾರಿಗೂ ಹೇಳಿರಲಿಲ್ಲ. ಹುಡುಗಿ ದ್ವಿತೀಯ ಪಿಯುಸಿ ಮುಗಿಸಿ ಕುಳಿತಿದ್ದಳು. ಮಗ, ಒಂದು ಎಳೆ ಸರವನ್ನಾದರೂ ಮಾಡಿಸೋಣ, ಅಜ್ಜಿಯ ನೆನಪಿಗೆ ಮೈಮೇಲಿರುತ್ತದೆ ಎಂದ. ಹುಡುಗಿ ಕಂಪ್ಯೂಟರ್ ಎಂದಳು. “ಅಮ್ಮನ ದುಡ್ಡಲ್ಲಿ ಆಟದ ಸಾಮಾನಾ ಅಪ್ಪ? ನೀವಾದರೂ ಹೇಳಿ” ಎಂದು ಮಗ ನನ್ನ ಕಡೆ ತಿರುಗಿದ. ಅವನ ಮಾತಿನಲ್ಲಿದ್ದದ್ದು ಜಿಪುಣತನವಲ್ಲ, ದುಃಖ. ಅದನ್ನು ಬಲ್ಲೆ. ಆದರೆ ಆ ಅಜ್ಜಿ ಮೊಮ್ಮಗಳು ಮಳೆಗಾಲದ ಮಧ್ಯಾಹ್ನಗಳಲ್ಲಿ ಕವಡೆ ಹಿಡಿದು ಚೌಕಾಬಾರಕ್ಕೆ ಕುಳಿತರೆ ಕಾಫಿಗೆ ನಾನೇ ಒಲೆ ಹಚ್ಚಬೇಕಾಗುತ್ತಿತ್ತೆಂಬುದನ್ನೂ ಬಲ್ಲೆ. ಹಣ ಹುಡುಗಿಯದು, ಅವಳೇ ನಿರ್ಧರಿಸಲಿ ಎಂದೆ. ಮಗ ಎರಡು ದಿನ ನನ್ನೊಡನೆ ಮಾತನಾಡಲಿಲ್ಲ.

ಅವಳು ತಂದ ಹಾಳೆಯ ಮೇಲ್ತುದಿಯಲ್ಲಿ ‘ಉದ್ದೇಶ: ಓದು, ಪ್ರಾಜೆಕ್ಟ್’ ಎಂದಿತ್ತು. ಅಪ್ಪನನ್ನು ಸಮಾಧಾನಪಡಿಸಲು ಬರೆದದ್ದು. ಅದನ್ನು ಹೊಡೆದುಹಾಕು ಎಂದೆ. ಇದು ನೀತಿಬೋಧೆಯಲ್ಲ, ಶುದ್ಧ ಲೆಕ್ಕಾಚಾರ. ಓದಿಗೆಂದು ಯಂತ್ರ ಕೊಂಡರೆ ಹಣ ಒಂದು ದಾರಿಯಲ್ಲಿ ಹಂಚಿಹೋಗುತ್ತದೆ, ಆಟಕ್ಕೆಂದರೆ ಇನ್ನೊಂದು ದಾರಿಯಲ್ಲಿ. ಓದಿಗೆ ಅವಳ ಅಪ್ಪನ ಹಳೆಯ ಲ್ಯಾಪ್‌ಟಾಪ್ ಇದ್ದೇ ಇತ್ತು. ಸುಳ್ಳು ಉದ್ದೇಶವನ್ನು ಬರೆದುಕೊಂಡು ಅಂಗಡಿಗೆ ಹೋದವನು ತನಗೆ ಬೇಡದ ವಸ್ತುವಿಗೆ ಬೆಲೆ ತೆತ್ತು ಬರುತ್ತಾನೆ. ಅನೇಕ ಮನೆಗಳಲ್ಲಿ ‘ಓದಿಗೆ’ ಎಂದು ತಂದ ಯಂತ್ರದಲ್ಲಿ ಆಟವೂ ಸರಿಯಾಗಿ ನಡೆಯದೆ, ಮಕ್ಕಳು ಗುಟ್ಟಾಗಿ ಕೊರಗುವುದನ್ನು ಕಂಡಿದ್ದೇನೆ. ಕೊನೆಗೆ ಹುಡುಗಿ ಎರಡು ಆಟಗಳ ಹೆಸರು ಬರೆದಳು. ಒಂದು 2022ರಲ್ಲಿ ಬಂದ ‘ಎಲ್ಡೆನ್ ರಿಂಗ್’, ಇನ್ನೊಂದು ಗೆಳತಿಯರೊಡನೆ ಆಡಲು ‘ವ್ಯಾಲರಂಟ್’.

ಈ ಎರಡು ಹೆಸರುಗಳೇ ಮುಂದಿನ ಅರ್ಧ ಪ್ರಶ್ನೆಗಳನ್ನು ಬಿಡಿಸಿದವು. ಎಲ್ಡೆನ್ ರಿಂಗ್ ತಯಾರಕರು ಶಿಫಾರಸು ಮಾಡಿದ್ದು 16 ಜಿಬಿ ರ‍್ಯಾಮ್ ಮತ್ತು 8 ಜಿಬಿ ಸ್ಮೃತಿಯುಳ್ಳ ಗ್ರಾಫಿಕ್ಸ್ ಕಾರ್ಡ್. ಆ ಆಟ ಸೆಕೆಂಡಿಗೆ 60 ಚಿತ್ರಗಳಿಗಿಂತ ಹೆಚ್ಚು ತೋರಿಸದಂತೆ ರಚಿತವಾಗಿದೆ. ಅಂದಮೇಲೆ ಅದಕ್ಕಾಗಿ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ದುಬಾರಿ ಪರದೆಯೇಕೆ? ವ್ಯಾಲರಂಟ್‌ಗೆ ವೇಗದ ಪರದೆಯಿಂದ ಲಾಭವುಂಟು, ಆದರೆ ಅದು ಸಾಧಾರಣ ಯಂತ್ರದಲ್ಲಿಯೂ ಓಡುವ ಹಗುರ ಆಟ. ಹೀಗೆ ಒಂದು ಆಟ ಗ್ರಾಫಿಕ್ಸ್ ಕಾರ್ಡನ್ನು ನಿರ್ಧರಿಸಿತು, ಪರದೆಯಲ್ಲಿ ಹಣ ಉಳಿಯಿತು.

ಗ್ರಾಫಿಕ್ಸ್ ಕಾರ್ಡ್ ಎಂಬುದಕ್ಕೆ ಒಟ್ಟು ಹಣದ ಮೂರನೆಯ ಒಂದು ಭಾಗ ಏಕೆ ಹೋಗಬೇಕೆಂದು ನಾನೂ ಮೊದಲು ಹುಬ್ಬೇರಿಸಿದ್ದೆ. ಕಾಗದದ ಮೇಲೆ ಗುಣಿಸಿ ನೋಡಿದೆವು. ಸಾಮಾನ್ಯ ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳು. ಒಟ್ಟು 20,73,600. ಸೆಕೆಂಡಿಗೆ 60 ಸಲ ಎಂದರೆ 12 ಕೋಟಿ 44 ಲಕ್ಷ ಚುಕ್ಕೆಗಳ ಬಣ್ಣವನ್ನು ಪ್ರತಿ ಸೆಕೆಂಡೂ ನಿಶ್ಚಯಿಸಬೇಕು. ಪ್ರೊಸೆಸರ್ ಎಂಬುದು ಎಂಥ ಕಠಿಣ ಲೆಕ್ಕವನ್ನಾದರೂ ಬಿಡಿಸಬಲ್ಲ ಆರು ಮಂದಿ ಪಂಡಿತರಿದ್ದಂತೆ. ಇಲ್ಲಿ ಬೇಕಾದವರು ಪಂಡಿತರಲ್ಲ, ಸುಲಭದ ಕೂಡುವ ಗುಣಿಸುವ ಲೆಕ್ಕವನ್ನು ಒಟ್ಟಿಗೆ ಕುಳಿತು ಮಾಡುವ ಇಡೀ ಶಾಲೆಯ ಮಕ್ಕಳು. ನಾವು ಆರಿಸಿದ ಆರ್‌ಎಕ್ಸ್ 6600 ಎಂಬ ಕಾರ್ಡಿನಲ್ಲಿ ಅಂಥ 1,792 ಪುಟ್ಟ ಗಣಕಗಳಿವೆ. 2021ರಲ್ಲಿ ಬಂದ ಮಾದರಿ, 8 ಜಿಬಿ ಸ್ಮೃತಿ, ವಿದ್ಯುತ್ ಬಳಕೆ 132 ವಾಟ್. ನಮಗೆ ಅದು 20,800 ರೂಪಾಯಿಗೆ ಸಿಕ್ಕಿತು.

ಖರೀದಿಗೆಂದು ತುಮಕೂರಿನಿಂದ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಎಸ್.ಪಿ. ರಸ್ತೆಯಲ್ಲಿ ಇಳಿದೆವು. ಆ ಇಕ್ಕಟ್ಟಿನಲ್ಲಿ ಒಂದು ಸುತ್ತು ಹಾಕಿದವರಿಗೆ ವಿವರಿಸಬೇಕಿಲ್ಲ. ಮೊದಲ ಅಂಗಡಿಯ ತರುಣ ಕೈಬೀಸಿ ಕರೆದು, “ಅಂಕಲ್, ಐ7 ಪ್ರೊಸೆಸರ್, 4 ಜಿಬಿ ಗ್ರಾಫಿಕ್ಸ್, ಮೂವತ್ತು ಸಾವಿರಕ್ಕೆ ಫುಲ್ ಸೆಟ್” ಎಂದ. ನಮ್ಮ ಆಯವ್ಯಯದ ಅರ್ಧಕ್ಕಿಂತ ಕಡಿಮೆ! ಯಾವ ಐ7 ಎಂದು ಕೇಳಿದರೆ ಉತ್ತರ ತಡವಾಯಿತು. ಪೆಟ್ಟಿಗೆಯೊಳಗಿದ್ದದ್ದು ಐ7-3770, ಅಂದರೆ 2012ರ ಸರಕು. ಜೊತೆಗಿದ್ದ ಜಿಟಿ 730 ಎಂಬ ಕಾರ್ಡು 2014ರದು. ಐ7 ಎಂಬುದು ದರ್ಜೆಯ ಹೆಸರು, ವಯಸ್ಸಿನ ಹೆಸರಲ್ಲ. ನಾಲ್ಕು ಕೋರುಗಳಿರುವ ಆ ಐ7ನ್ನು ನಾಲ್ಕೇ ಕೋರುಗಳಿರುವ 2022ರ ಐ3 ಸುಲಭವಾಗಿ ಹಿಂದಿಕ್ಕುತ್ತದೆ. ಇನ್ನು ‘4 ಜಿಬಿ’ ಎಂಬುದು ಕಾರ್ಡಿನ ಗೋದಾಮಿನ ಅಳತೆ ಮಾತ್ರ, ಅಲ್ಲಿ ದುಡಿಯುವವರ ಶಕ್ತಿಯ ಅಳತೆಯಲ್ಲ. ಗೋದಾಮು ದೊಡ್ಡದಿದ್ದು ಕೆಲಸಗಾರರೇ ಇಲ್ಲದಿದ್ದರೆ ಏನು ಪ್ರಯೋಜನ? ಎಲ್ಡೆನ್ ರಿಂಗ್ ಆ ಯಂತ್ರದಲ್ಲಿ ಆಡುವಂತೆ ಓಡದು. ಪೋಷಕರು ಹೆಚ್ಚಾಗಿ ಬೀಳುವುದು ಈ ಹಳ್ಳಕ್ಕೇ, ಆದ್ದರಿಂದ ಇಷ್ಟು ವಿಸ್ತರಿಸಿದೆ.

ಅದೇ ರಸ್ತೆಯ ಮಹಡಿಯೊಂದರಲ್ಲಿ ರಿಪೇರಿ ಮೇಜು ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಹೆಸರು ಹಾಕಬೇಡಿ ಸಾರ್, ಎಲ್ಲರೂ ರಿಯಾಯಿತಿ ಕೇಳುತ್ತಾರೆ ಎಂದಿದ್ದಾನೆ, ಹಾಕುವುದಿಲ್ಲ. ಪ್ರೊಸೆಸರ್ ವಿಷಯದಲ್ಲಿ ಅವನು ಎರಡು ದಾರಿ ತೋರಿಸಿದ. 2017ರಿಂದ ರೈಜನ್‌ಗಳು ಕೂರುತ್ತ ಬಂದ ಎಎಂ4 ಎಂಬ ಹಳೆಯ ಪೀಠ, ಅಥವಾ 2022ರಲ್ಲಿ ಬಂದ ಎಎಂ5. ಹೊಸದರಲ್ಲಿ ಮುಂದೆ ಪ್ರೊಸೆಸರ್ ಮಾತ್ರ ಬದಲಿಸಿಕೊಂಡು ಬಹುಕಾಲ ನಡೆಸಬಹುದು, ಆದರೆ ಮದರ್‌ಬೋರ್ಡು, ಡಿಡಿಆರ್5 ರ‍್ಯಾಮ್ ಎರಡೂ ತುಟ್ಟಿ. ಆ ಹೆಚ್ಚುವರಿ ಹಣ ಗ್ರಾಫಿಕ್ಸ್ ಕಾರ್ಡಿನಿಂದಲೇ ಕಡಿತವಾಗಬೇಕು. ‘ಮುಂದೆ ಬೇಕಾದೀತು’ ಎಂಬ ಆಸೆಗೆ ಇಂದಿನ ಊಟವನ್ನು ಅರ್ಧ ಮಾಡುವುದು ನನಗೆ ಸರಿಕಾಣಲಿಲ್ಲ. ಹುಡುಗಿಗೂ ಹಾಗೆಯೇ ತೋರಿತು. ಆರು ಕೋರುಗಳ ರೈಜನ್ 5 5600, ಬಿ550 ಮದರ್‌ಬೋರ್ಡ್ ಆರಿಸಿದೆವು. ಪ್ರೊಸೆಸರಿನೊಡನೆ ತಂಪುಗೊಳಿಸುವ ಫ್ಯಾನು ಪೆಟ್ಟಿಗೆಯಲ್ಲಿಯೇ ಬರುತ್ತದೆ, ಬೇರೆ ಕೊಳ್ಳಬೇಕಿಲ್ಲ.

ಜಗಳವಾದದ್ದು ಎಸ್‌ಎಂಪಿಎಸ್ ಬಗ್ಗೆ. ಹುಡುಗಿಯ ಮನಸ್ಸು ಗಾಜಿನ ಬದಿ, ಬಣ್ಣದ ದೀಪದ ಫ್ಯಾನುಗಳಿದ್ದ 5,500 ರೂಪಾಯಿಯ ಕ್ಯಾಬಿನೆಟ್ ಮೇಲಿತ್ತು. ಅದನ್ನು ಹೊಂದಿಸಲು, ‘450 ವಾಟ್’ ಎಂದು ಬರೆದಿದ್ದ 800 ರೂಪಾಯಿಯ ಎಸ್‌ಎಂಪಿಎಸ್ ಸಾಕು ಎಂದಳು. ಒಳಗೆ ಕುಳಿತು ಯಾರ ಕಣ್ಣಿಗೂ ಬೀಳದ ಭಾಗಕ್ಕೆ 4,100 ರೂಪಾಯಿ ಏಕೆ? ಪ್ರಶ್ನೆ ನ್ಯಾಯವಾದದ್ದೇ. ನನ್ನ ವಿದ್ಯಾರ್ಥಿ ಎರಡನ್ನೂ ಅವಳ ಎರಡು ಕೈಗಳಲ್ಲಿಟ್ಟು, “ತೂಕ ನೋಡಮ್ಮ” ಎಂದ. ಅಗ್ಗದ್ದು ಬರಿಯ ತಗಡಿನ ಡಬ್ಬಿಯಂತಿತ್ತು. ನಾನು ಚೀಟಿಯನ್ನು ಓದಿದೆ. ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಮುಖ್ಯವಾಗಿ ಬೇಕಾದದ್ದು 12 ವೋಲ್ಟಿನ ತಂತಿ. ಅಗ್ಗದ್ದರಲ್ಲಿ ಅದು 16 ಆಂಪಿಯರ್. 12ನ್ನು 16ರಿಂದ ಗುಣಿಸಿದರೆ 192 ವಾಟ್. ಹತ್ತನೆಯ ತರಗತಿಯ ಲೆಕ್ಕ. ಕಾರ್ಡಿಗೇ 132, ಪ್ರೊಸೆಸರಿಗೆ ಹೆಚ್ಚೆಂದರೆ 76. ಅಲ್ಲಿಗೇ 208 ಆಯಿತು, ಫ್ಯಾನು ಮೊದಲಾದವು ಇನ್ನೂ ಬಾಕಿ. ಹೊರಗೆ ಬರೆದ 450 ಎಲ್ಲಿ ಹೋಯಿತೋ! 550 ವಾಟಿನ ಒಳ್ಳೆಯದರಲ್ಲಿ 12 ವೋಲ್ಟಿಗೆ 45 ಆಂಪಿಯರ್, ಅಂದರೆ 540 ವಾಟ್. ಅದರ ಮೇಲೆ ‘80 ಪ್ಲಸ್ ಬ್ರಾಂಜ್’ ಮುದ್ರೆಯಿತ್ತು. ಅರ್ಧ ಹೊರೆಯಲ್ಲಿ ಗೋಡೆಯಿಂದ ಎಳೆದ ವಿದ್ಯುತ್ತಿನ ಶೇಕಡಾ 85 ಭಾಗವನ್ನಾದರೂ ಯಂತ್ರಕ್ಕೆ ಕೊಡುತ್ತದೆಂದು ಅದರ ಅರ್ಥ. ಕಳಪೆ ಎಸ್‌ಎಂಪಿಎಸ್ ಸತ್ತರೆ ತಾನೊಂದೇ ಸಾಯುವುದಿಲ್ಲ ಎಂದು ವಿದ್ಯಾರ್ಥಿ ತನ್ನ ಮೇಜಿನ ಕೆಳಗಿದ್ದ ಸುಟ್ಟ ಬೋರ್ಡುಗಳ ಬುಟ್ಟಿಯನ್ನು ಕಾಲಿನಿಂದ ಮುಂದೆ ತಳ್ಳಿದ. ಹುಡುಗಿ ಗಾಜಿನ ಕ್ಯಾಬಿನೆಟ್ಟನ್ನು ಮತ್ತೊಮ್ಮೆ ನೋಡಿ, ಮುಂಭಾಗದಲ್ಲಿ ಜಾಲರಿಯಿದ್ದು ಗಾಳಿ ಚೆನ್ನಾಗಿ ಆಡುವ 2,900ರ ಕಪ್ಪು ಪೆಟ್ಟಿಗೆಯನ್ನು ತೋರಿಸಿದಳು. ಮುಖ ಸಣ್ಣದಾಗಿತ್ತು. ನಾನು ಏನೂ ಹೇಳಲಿಲ್ಲ.

ಉಳಿದವು ಬೇಗ ಮುಗಿದವು. ರ‍್ಯಾಮ್ 16 ಜಿಬಿಯ ಒಂದೇ ಪಟ್ಟಿಯ ಬದಲು 8ರ ಎರಡು ಪಟ್ಟಿಗಳು, ಏಕೆಂದರೆ ಎರಡಿದ್ದರೆ ಪ್ರೊಸೆಸರಿಗೆ ದತ್ತಾಂಶ ಹರಿಯುವ ದಾರಿ ದುಪ್ಪಟ್ಟಾಗುತ್ತದೆ. ಎಸ್‌ಎಸ್‌ಡಿ 500 ಜಿಬಿ. ಎಲ್ಡೆನ್ ರಿಂಗ್ ಒಂದೇ 60 ಜಿಬಿ ಕೇಳುತ್ತದೆ, ಆದರೂ ಬೋರ್ಡಿನಲ್ಲಿ ಇನ್ನೊಂದಕ್ಕೆ ಜಾಗವಿದ್ದುದರಿಂದ ಮುಂದೆ ಸೇರಿಸಬಹುದು. ಕಾರ್ಡು 20,800, ಪ್ರೊಸೆಸರ್ 11,300, ಬೋರ್ಡು 8,200, ರ‍್ಯಾಮ್ 3,400, ಎಸ್‌ಎಸ್‌ಡಿ 3,200, ಎಸ್‌ಎಂಪಿಎಸ್ 4,100, ಕ್ಯಾಬಿನೆಟ್ 2,900, 24 ಅಂಗುಲದ ಪರದೆ 8,600, ಕೀಲಿಮಣೆ ಮತ್ತು ಮೌಸ್ 1,400. ಒಟ್ಟು 63,900. ಬಿಲ್ಲಿಲ್ಲದಿದ್ದರೆ ಇನ್ನಷ್ಟು ಇಳಿಸುತ್ತೇನೆ ಎಂದ ಅಂಗಡಿಯೂ ಒಂದಿತ್ತು. ಶೇಕಡಾ 18ರ ಜಿಎಸ್‌ಟಿ ಸೇರಿದ ಬಿಲ್ಲನ್ನೇ ಪಡೆದೆವು. ಖಾತರಿಗೆ ಆ ಕಾಗದವೇ ಆಧಾರ.

ವಿಂಡೋಸನ್ನು ‘ಸುಮ್ಮನೆ ಹಾಕಿಕೊಡುತ್ತೇವೆ’ ಎಂಬ ಮಾತೂ ಬಂತು. ಕದ್ದ ಮಾಲು ಬೇಡವೆಂದೆ. ಹುಡುಗಿ ಲಿನಕ್ಸ್ ಹಾಕಿಕೊಂಡಳು. 2018ರಿಂದ ಲಭ್ಯವಿರುವ ‘ಪ್ರೋಟಾನ್’ ಎಂಬ ಸಾಧನದ ನೆರವಿನಿಂದ ವಿಂಡೋಸಿಗಾಗಿ ಬರೆದ ಎಷ್ಟೋ ಆಟಗಳು ಅದರಲ್ಲಿ ನಡೆಯುತ್ತವೆ, ಎಲ್ಡೆನ್ ರಿಂಗ್ ಕೂಡ. ವ್ಯಾಲರಂಟ್ ನಡೆಯುವುದಿಲ್ಲ, ಅದರ ಕಾವಲು ತಂತ್ರಾಂಶ ಲಿನಕ್ಸನ್ನು ಒಪ್ಪದು. ಪರವಾನಗಿಗೆ ಹಣ ಕೂಡುವವರೆಗೆ, ಸುಮಾರು ನಾಲ್ಕು ತಿಂಗಳು, ಗೆಳತಿಯರು ಕಾಯಬೇಕಾಯಿತು. ಮೊದಲ ಆಟವನ್ನು ಕೊಡಿಸಿದವಳು ಅವಳ ಸೋದರತ್ತೆ.

ಜೋಡಿಸುವಾಗ ನನ್ನ ಪಾತ್ರ ಭೂತಗನ್ನಡಿ ಹಿಡಿದು ಕೈಪಿಡಿ ಓದುವುದಷ್ಟೇ. ಎಲ್ಲ ಮುಗಿದು ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ಹುಡುಗಿಯ ಕಣ್ಣಲ್ಲಿ ನೀರು. ಪರದೆಯ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿನ ಬದಲು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದ್ದಳು. ಈ ಪ್ರೊಸೆಸರಿನಲ್ಲಿ ಚಿತ್ರ ಬಿಡಿಸುವ ಭಾಗವೇ ಇಲ್ಲ, ಆ ಕಿಂಡಿಯಲ್ಲಿ ಏನೂ ಬಾರದು. ನಿಮ್ಮ ಮನೆಯಲ್ಲಿಯೂ ಹೀಗಾದರೆ ಅಂಗಡಿಗೆ ಓಡುವ ಮೊದಲು ಅದನ್ನು ನೋಡಿ.

ಅಷ್ಟು ಹೊತ್ತೂ ಒಳಗೆ ಪತ್ರಿಕೆ ಓದುತ್ತಿದ್ದ ಮಗ ಮರುದಿನ ಬ್ಯಾಂಕಿನಿಂದ ಬಂದವನು, “ಅಪ್ಪ, 600 ವಿಎ ಯುಪಿಎಸ್ ಸಾಕಾ ಇದಕ್ಕೆ?” ಎಂದು ಕೇಳಿದ. ಅದರ ಮೇಲೆ ಬರೆದಿರುವುದೇ 360 ವಾಟ್; ನಮ್ಮ ಯಂತ್ರ, ಪರದೆ ಸೇರಿ ಗೋಡೆಯಿಂದ 330ರಷ್ಟು ಎಳೆದೀತು; ತೀರಾ ಅಂಚಿಗೆ ಬಂತು ಎಂದೆ. ಸಂಜೆ ಸ್ಕೂಟರಿನಲ್ಲಿ 1,000 ವಿಎಯದು ಬಂತು. ಬೇಸಿಗೆಯಲ್ಲಿ ನಮ್ಮ ಬಡಾವಣೆಯ ಕರೆಂಟಿನ ಗತಿ ನಿಮಗೆ ಗೊತ್ತೇ ಇದೆ. “ಅಮ್ಮನ ದುಡ್ಡು ಸುಟ್ಟುಹೋಗಬಾರದಲ್ಲ” ಎಂದನೇ ಹೊರತು ಆ ಖರೀದಿಯನ್ನು ಅವನು ಒಪ್ಪಲಿಲ್ಲ. ಇಂದಿಗೂ ಒಪ್ಪಿಲ್ಲ, ಸರದ ಮಾತು ಹಬ್ಬಗಳಲ್ಲಿ ಒಮ್ಮೊಮ್ಮೆ ಬರುತ್ತದೆ.

ಕೊನೆಯದಾಗಿ, ಮೇಲಿನ ಬೆಲೆಗಳು 2024ರ ಮೇ ತಿಂಗಳವು, ಅವನ್ನೇ ನಂಬಿ ಹೊರಡಬೇಡಿ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. 32 ಜಿಬಿಗೆ ಏರಿಸಬೇಕೆಂದಿದ್ದ ಮೊಮ್ಮಗಳು ಆ ಯೋಚನೆಯನ್ನು ಕೈಬಿಟ್ಟು 16ರಲ್ಲಿಯೇ ಆಡುತ್ತಿದ್ದಾಳೆ. ಕೇಳಿದ ಮೂವರೂ ಮಕ್ಕಳ ಕೈಯಲ್ಲಿಯೇ ಆಟಗಳ ಪಟ್ಟಿಯನ್ನೂ ಇರುವ ಮೊತ್ತವನ್ನೂ ಬರೆಯಿಸಿ ನನಗೆ ಕಳುಹಿಸಿ. ಲೆಕ್ಕ ಹಾಕಿಡುತ್ತೇನೆ. ಎಸ್.ಪಿ. ರಸ್ತೆಗೆ ಬರುವುದು ಮಾತ್ರ ಈಗ ನನ್ನ ಮೊಣಕಾಲಿಗೆ ಆಗದ ಕೆಲಸ, ಬೇಕಾದರೆ ಮೊಮ್ಮಗಳು ಜೊತೆಗೆ ಬರುತ್ತಾಳಂತೆ.