ಲೈಟರಿನ ಹರಳು, ಗಿಟಾರಿನ ಕುದುರೆ

ಗ್ಯಾಸ್ ಒಲೆ ಹಚ್ಚುವ ಲೈಟರಿಗೂ ಗಿಟಾರಿಗೂ ಏನು ನಂಟು ಅಂತೀರಾ? ಇದೆ. ಲೈಟರನ್ನು 'ಟಕ್' ಅನ್ನಿಸಿದಾಗ ಒಳಗಿನ ಪುಟ್ಟ ಹರಳಿಗೆ ಪೆಟ್ಟು ಬಿದ್ದು ವಿದ್ಯುತ್ ಹುಟ್ಟುತ್ತದೆ, ಕಿಡಿ ಹಾರುತ್ತದೆ. ಹರಳಿನ ಈ ಗುಣವನ್ನು 1880ರಲ್ಲಿ ಪ್ಯಾರಿಸ್ಸಿನಲ್ಲಿ ಕಂಡುಹಿಡಿದವರು ಜಾಕ್ ಮತ್ತು ಪಿಯರ್ ಕ್ಯೂರಿ ಎಂಬ ಅಣ್ಣತಮ್ಮಂದಿರು. ಮುಂದೆ ಮೇರಿ ಕ್ಯೂರಿಯ ಕೈಹಿಡಿದದ್ದು ಈ ಪಿಯರನೇ. ಇಂಥ ಹರಳಿಗೆ ಪೀಜೋ ಎನ್ನುತ್ತಾರೆ.

ನನಗೆ ಇದನ್ನೆಲ್ಲ ಹೇಳಿಕೊಟ್ಟವನು ನಮ್ಮ ಮಗ. ಹುಡುಗರಿಗೆ ಪಾಠ ಹೇಳಿ ಕೂಡಿಸಿದ ದುಡ್ಡಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಕೊಂಡಿದ್ದ. ಗಟ್ಟಿ ಹಲಗೆಯ ವಾದ್ಯ ಅದು. ವೀಣೆಗಿರುವಂಥ ಕೊಡ ಇಲ್ಲ. ತಾಮ್ರದ ತಂತಿ ಸುತ್ತಿದ ಅಯಸ್ಕಾಂತಗಳು ಉಕ್ಕಿನ ತಂತಿಯ ಅದುರನ್ನು ಹಿಡಿದು ಸ್ಪೀಕರಿಗೆ ಕಳಿಸುತ್ತವೆ. ಆ ದನಿ ಸಿನಿಮಾ ಹಾಡಿಗೆ ಚೆನ್ನ, ನಾನು ಸಂಜೆ ಹೇಳುವ ದೇವರನಾಮಕ್ಕೆ ಒಗ್ಗದು. ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತ್ತು. ಹೊರಡುವ ಮುಂಚೆ ನನ್ನ ಹಾಡಿಗೆ ನುಡಿಸಬೇಕೆಂದು ಅವನಿಗೆ ಆಸೆ.

"ಇದನ್ನ ಮಾರಿ ಮರದ ಗಿಟಾರೇ ತಗೊಳ್ಳೋ. ಎರಡೆರಡು ಯಾಕೆ?" ಎಂದರು ನಮ್ಮ ಯಜಮಾನರು. ಹುಡುಗನ ಮುಖ ಬಾಡಿತು. ತಾನೇ ದುಡಿದು ಕೊಂಡ ಮೊದಲ ವಸ್ತು ನೋಡಿ!

ವೀಣೆಯ ಹಾಗೆ ಗಿಟಾರಿನ ತಂತಿಯೂ ಕುದುರೆಯ ಮೇಲೆ ಕೂರುತ್ತದೆ. ಇವನು ಹಳೆಯವನ್ನು ತೆಗೆದು, ಪೀಜೋ ಹರಳಿರುವ ಆರು ಪುಟ್ಟ ಕುದುರೆ ತರಿಸಿ ಕೂರಿಸಿದ. ತಂತಿ ಅದುರಿದರೆ ಹರಳಿನ ಮೇಲೆ ಒತ್ತಡ, ಒತ್ತಡವೇ ವಿದ್ಯುತ್ತು. ಅಯಸ್ಕಾಂತ, ಹರಳು ಎರಡನ್ನೂ ಹೊತ್ತ ಪಾರ್ಕರ್ ಫ್ಲೈ ಎಂಬ ಗಿಟಾರ್ ಅಮೆರಿಕದಲ್ಲಿ 1993ರಲ್ಲೇ ಬಂದಿತ್ತು.

ಮೊದಲ ದಿನದ ದನಿಯನ್ನು ನೀವು ಕೇಳಬೇಕಿತ್ತು. ತಗಡಿನ ಮೇಲೆ ಸಾಸಿವೆ ಸಿಡಿದ ಹಾಗೆ! ಹುಡುಗ ಸೋಲಲಿಲ್ಲ. ಹರಳಿನ ಸಣ್ಣ ದನಿ ಸೊರಗದಂತೆ ನಡುವೆ ಪ್ರೀಆಂಪ್ ಎಂಬ ಡಬ್ಬಿ ಇಟ್ಟ. ಸಾವಿರದಿಂದ ಎರಡು ಸಾವಿರ ಹರ್ಟ್ಜ್ ಸುತ್ತಲಿನ ಕರ್ಕಶವನ್ನು ತಗ್ಗಿಸಿದ. ತೆಳುವಾದ ತಂತಿ ಬದಲಿಸಿ ತುಸು ದಪ್ಪನೆಯದು ಹಾಕಿದ. ಗಿಟಾರಿನ ಸ್ಪೀಕರ್ ಮೇಲಿನ ಸ್ವರಗಳನ್ನು ಅಷ್ಟಾಗಿ ಬಿಟ್ಟುಕೊಡುವುದಿಲ್ಲವಂತೆ. ಅದಕ್ಕೇ ನಮ್ಮ ಭಜನಾ ಮಂಡಳಿಯ ಸ್ಪೀಕರ್ ಕೇಳಿ ತಂದ. ಕೊನೆಗೆ, ಗುಡಿಯೊಳಗೆ ಹಾಡಿದಂತೆ ಸಣ್ಣ ಮಾರ್ದನಿ ಸೇರಿಸಿದ. ಒಗ್ಗರಣೆಗೆ ಇಂಗಿನ ಹಾಗೆ, ಚಿಟಿಕೆಯಷ್ಟೇ!

ಆ ಶುಕ್ರವಾರ ನಾನು ಹಾಡಿದೆ, ಅವನು ನುಡಿಸಿದ. ಯಜಮಾನರು ಪೇಪರ್ ಮಡಿಸಿಟ್ಟು ಕೇಳಿದರು. "ಮರದ ಗಿಟಾರಿನಷ್ಟು ತುಂಬು ದನಿ ಇಲ್ಲ ಕಣೋ. ಆದರೆ ನಿಮ್ಮಮ್ಮನ ಹಾಡು ಕೇಳಿಸ್ತು" ಎಂದರು.

ಅವರು ಹೇಳಿದ್ದು ನಿಜವೇ. ಪೊಳ್ಳು ಮರದ ಹೊಟ್ಟೆಯಲ್ಲಿ ಗಾಳಿ ತುಂಬಿ ಬರುವ ದನಿಯನ್ನು ಹರಳು ಪೂರ್ತಿ ಕೊಡಲಾರದು. ಆದರೆ ಹಾಡಿನ ಜೊತೆಗೆ ಹೆಜ್ಜೆ ಹಾಕಲು ಅಷ್ಟು ಸಾಕಾಯಿತು. ಗಿಟಾರು ಮಾರಾಟವಾಗಲಿಲ್ಲ, ಮಗನ ಜೊತೆ ಪುಣೆಯ ರೈಲು ಹತ್ತಿತು. ಮಕ್ಕಳು ಆಸೆಪಟ್ಟು ಕೊಂಡದ್ದನ್ನು ದಂಡ ಎನ್ನುವ ಮೊದಲು, ಅದರಿಂದ ಇನ್ನೇನು ಆದೀತು ಎಂದು ಒಮ್ಮೆ ಕೇಳೋಣ. ಅಡುಗೆಮನೆಯಲ್ಲಿ ದಿನವೂ ಮಾಡುವುದು ನಾವು ಅದನ್ನೇ ಅಲ್ಲವೇ?