ಸೇತುವೆಯ ಮೇಲೊಂದು ಬಾಣಂತಿ ಕೋಣೆ

ಮಗಳ ಬಾಣಂತನಕ್ಕೆಂದು ನೀವು ನ್ಯೂಯಾರ್ಕಿಗೆ ಹೋಗುವ ಸಂದರ್ಭ ಬಂದರೆ, ಮುಗಿಲು ಮುಟ್ಟುವ ಕಟ್ಟಡಗಳನ್ನೂ ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನೂ ಹೇಗೂ ತೋರಿಸುತ್ತಾರೆ. ಅದೆಲ್ಲ ಆದ ಮೇಲೆ, "ಸ್ಟ್ಯಾಟನ್ ಐಲೆಂಡಿಗೆ ಹೋಗೋ ದೋಣಿ ಹತ್ತಿಸಿ" ಅಂತ ಅಳಿಯಂದಿರಿಗೆ ಹೇಳಿ. ಹಡಗಿನಷ್ಟು ದೊಡ್ಡ ಆ ದೋಣಿಗೆ ಟಿಕೆಟ್ಟೇ ಇಲ್ಲ, ಗೊತ್ತೇ! ಹೋಗುವಾಗ ಎಡಕ್ಕೆ, ದೂರದಲ್ಲಿ, ಭಾರಿ ತೂಗುಸೇತುವೆಯೊಂದು ಕಾಣುತ್ತದೆ. 1964ರಲ್ಲಿ ತೆರೆದ ವೆರಜಾನೊ ಸೇತುವೆ ಅದು. ಅದರ ಗೋಪುರ ಸುಮಾರು 690 ಅಡಿ ಎತ್ತರ. ಆ ತುದಿಯಲ್ಲಿ ಒಂದು ಪೆಟ್ಟಿಗೆ, ಅದರೊಳಗೆ ಸಣ್ಣ ಜಲ್ಲಿ. ಅದೇ ಪೆರಿಗ್ರಿನ್ ಗಿಡುಗದ ಬಾಣಂತಿ ಕೋಣೆ.

ಕಾಗೆಯ ಗಾತ್ರದ ಹಕ್ಕಿ ಇದು. ಕೆನ್ನೆಯ ಮೇಲೆ ಮೀಸೆ ಎಳೆದಂತೆ ಕಪ್ಪು ಪಟ್ಟೆ. ಮೇಲಿನಿಂದ ಬೇಟೆಯ ಮೇಲೆ ಎರಗುವಾಗ ವೇಗ ಗಂಟೆಗೆ 300 ಕಿಲೋಮೀಟರಿಗೂ ಮಿಕ್ಕಿ! ಗಂಡಿಗಿಂತ ಹೆಣ್ಣೇ ದೊಡ್ಡದು. ಕಡ್ಡಿ ತಂದು ಗೂಡು ಕಟ್ಟುವ ಉಸಾಬರಿ ಇದಕ್ಕಿಲ್ಲ; ಕಡಿದಾದ ಬಂಡೆಯ ಅಂಚಿನಲ್ಲಿ ಕೆರೆದು ಒಂದು ಗುಳಿ ಮಾಡಿಕೊಂಡರೆ ಆಯಿತು. ಇಂಥದಕ್ಕೆ ಸೇತುವೆಯೂ ಬಂಡೆಯೇ ಅಲ್ಲವೇ? ಊಟಕ್ಕೆ ಊರು ತುಂಬ ಪಾರಿವಾಳ.

ಆದರೆ ಒಂದು ಕಾಲಕ್ಕೆ ಈ ತಾಯಿಯ ಪಾಡು ಕೇಳಬಾರದು ಕಣ್ರೀ. ಕಾವು ಕೂತರೆ ಅವಳ ಮೈಭಾರಕ್ಕೇ ಮೊಟ್ಟೆ ಒಡೆದುಹೋಗುತ್ತಿತ್ತು. ಕಾರಣ ಡಿಡಿಟಿ. ನಮ್ಮ ಊರುಗಳಲ್ಲೂ ಮಲೇರಿಯಾ ಓಡಿಸಲು ಗೋಡೆಗೆ ಹೊಡೆಯುತ್ತಿದ್ದರಲ್ಲ, ಅದೇ. (ಅದು ಎಷ್ಟೋ ಮನುಷ್ಯರ ಜೀವ ಉಳಿಸಿದ್ದೂ ಸುಳ್ಳಲ್ಲ.) ಹೊಲಕ್ಕೆ ಹೊಡೆದದ್ದು ಹುಳುವಿಗೆ, ಹುಳುವಿನಿಂದ ಸಣ್ಣ ಹಕ್ಕಿಗೆ, ಅಲ್ಲಿಂದ ಗಿಡುಗದ ಮೈಗೆ ಸೇರಿ, ಮೊಟ್ಟೆಯ ಚಿಪ್ಪಿಗೆ ಸುಣ್ಣ ಸಾಲದಂತೆ ಮಾಡುತ್ತಿತ್ತು. ಇಂಗ್ಲೆಂಡಿನ ಡೆರೆಕ್ ರಾಟ್‌ಕ್ಲಿಫ್ ಹಳೆಯ ಮೊಟ್ಟೆಗಳನ್ನೂ ಹೊಸ ಮೊಟ್ಟೆಗಳನ್ನೂ ಹೋಲಿಸಿ, ಚಿಪ್ಪು ತೆಳುವಾಗಿದೆ ಎಂದು 1967ರಲ್ಲಿ ಪ್ರಕಟಿಸಿದರು. ಅಷ್ಟರಲ್ಲಿ ಅಮೆರಿಕದ ಪೂರ್ವಭಾಗದಲ್ಲಿ ಮರಿ ಮಾಡುವ ಒಂದು ಜೋಡಿಯೂ ಉಳಿದಿರಲಿಲ್ಲ.

ಆ ದೇಶ 1972ರಲ್ಲಿ ಡಿಡಿಟಿ ನಿಲ್ಲಿಸಿತು. ನಿಲ್ಲಿಸಿದರೆ ಸಾಕೇ, ಹಕ್ಕಿ ಎಲ್ಲಿಂದ ಬರಬೇಕು? ಕಾರ್ನೆಲ್ ವಿಶ್ವವಿದ್ಯಾಲಯದ ಟಾಮ್ ಕೇಡ್ ಮತ್ತು ಸಂಗಡಿಗರು ಗಿಡುಗಗಳನ್ನು ಸಾಕಿ, ಮರಿ ಮಾಡಿಸಿ, ಹೊರಗೆ ಬಿಡತೊಡಗಿದರು. ಮರಿಗೆ ಮನುಷ್ಯರ ಸಲುಗೆ ಹತ್ತಬಾರದೆಂದು ಮರೆಯಲ್ಲಿ ನಿಂತೇ ಊಟ ಜಾರಿಸುತ್ತಿದ್ದರು. ನಾವಾದರೆ ತುತ್ತಿಗೊಮ್ಮೆ ಮುದ್ದು ಮಾಡುತ್ತಿದ್ದೆವು! ಕಾಡಿನ ಬಂಡೆಗಳಲ್ಲಿ ಬಿಟ್ಟ ಮರಿಗಳನ್ನು ದೊಡ್ಡ ಗೂಬೆಗಳು ಹಿಡಿದವು. ಗೂಬೆಯ ಕಾಟ ಕಡಿಮೆಯಿದ್ದ ಪಟ್ಟಣಗಳಲ್ಲಿ ಹೆಚ್ಚು ಮರಿಗಳು ಬದುಕಿದವು. ಕೊನೆಗೆ 1983ರಲ್ಲಿ ನ್ಯೂಯಾರ್ಕಿನ ಎರಡು ಸೇತುವೆಗಳ ಮೇಲೆ ಗಿಡುಗಗಳು ಸಂಸಾರ ಹೂಡಿದವು, ವೆರಜಾನೊ ಅವುಗಳಲ್ಲೊಂದು. 1999ರಲ್ಲಿ ಅಳಿವಿನ ಅಂಚಿನ ಪಟ್ಟಿಯಿಂದ ಇದರ ಹೆಸರು ತೆಗೆದರು.

ಇದರ ಬಳಗ ನಮ್ಮಲ್ಲೂ ಉಂಟು. ಚಳಿಗಾಲಕ್ಕೆ ಉತ್ತರದಿಂದ ಬರುವವು ಕೆಲವು. ಬಂಡೆಬೆಟ್ಟಗಳಲ್ಲಿ ಇಲ್ಲೇ ನೆಲೆಸಿರುವ, ಕೆಂಬಣ್ಣದ ಎದೆಯ ಶಾಹೀನ್ ಇನ್ನೊಂದು.

ದೋಣಿಯಿಂದ ಹಕ್ಕಿ ಕಾಣಲಾರದು, ಸೇತುವೆ ಮಾತ್ರ. ಹತ್ತಿರದಿಂದ ನೋಡಬೇಕೆಂದರೆ ಬ್ರೂಕ್ಲಿನ್ ಕಡೆಯ ದಡದಲ್ಲಿ ಸೇತುವೆಯ ಕೆಳಗೇ ಹಾಯುವ ಕಾಲುದಾರಿ ಇದೆ. ಮೇ ಕೊನೆಗೆ ಸಿಬ್ಬಂದಿ ಮೇಲೆ ಹತ್ತಿ ಮರಿಗಳ ಕಾಲಿಗೆ ಬಳೆ ತೊಡಿಸುತ್ತಾರೆ. ತಾಯಿ ತಲೆಗೇ ಎರಗುತ್ತಾಳೆಂದು ಹೆಲ್ಮೆಟ್ ಬೇಕು. ಜೂನಿನಲ್ಲಿ ಮರಿಗಳು ಹಾರಲು ಕಲಿಯುತ್ತವೆ. ಆಗ ಹೋದರೆ ದುರ್ಬೀನು ಒಯ್ಯಿರಿ. ಸಂಜೆ ನೀರಿನ ಗಾಳಿ ತಣ್ಣಗಿರುತ್ತದೆ, ಸೀರೆಯ ಮೇಲೊಂದು ಸ್ವೆಟರ್ ಇರಲಿ.